ಇನಾಮಿಲ್ಲದ ಮ್ಯಾಚು

೧೯೯೯ರ ಮಾರ್ಚ್ ೨೮ರ ಭಾನುವಾರ, ಶಹಾಪುರದಿಂದ ದೋರನಹಳ್ಳಿಗೆ ಹೋಗುವ ರಸ್ತೆ ಬದಿಯ ಬೀಳು ಹೊಲದಲ್ಲಿ ನಡೆಯುತ್ತಿದ್ದ ಕ್ರಿಕೆಟ್ ಪಂದ್ಯವೊಂದು ಎರಡನೇ ಇನಿಂಗ್ಸಿನ ನಡುವೆ ನಿಂತುಹೋಯಿತು. ಮಳೆ ಬಂದಿರಲಿಲ್ಲ. ಮೈದಾನದಲ್ಲಿ ಜಗಳವೂ ಆಗಿರಲಿಲ್ಲ. ನೋಡಲು ಬಂದಿದ್ದವರಲ್ಲಿ ಸುಮಾರು ಅರ್ಧ ಜನ ಎದ್ದು, ಟ್ರ್ಯಾಕ್ಟರ್ ಹತ್ತಿ ಕಾಲುವೆಯ ಕಡೆ ಹೋದರು. ಚೆಂಡು ಹಿಡಿದು ಓಡಿಬರಲು ಸಿದ್ಧನಾಗಿ ನಿಂತಿದ್ದ ಬೌಲರ್ ಕೂಡ ಅವರ ಹಿಂದೆಯೇ ಹೋದ. ಪಂದ್ಯ ಮತ್ತೆ ಶುರುವಾಗಲಿಲ್ಲ.

ನಾನು ಆಗ ಗುಲಬರ್ಗಾದಿಂದ ಹೊರಡುತ್ತಿದ್ದ ದಿನಪತ್ರಿಕೆಯೊಂದರ ಶಹಾಪುರ ವರದಿಗಾರ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕಿನ ಸುದ್ದಿ ಒಂದೇ ಪುಟದ ಒಂದು ಮೂಲೆಯಲ್ಲಿ ಹಿಡಿಸಬೇಕಿತ್ತು. ಬರೆದದ್ದನ್ನು ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಅದು ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಆ ಪಂದ್ಯದ ಬಗ್ಗೆ ಪತ್ರಿಕೆಯಲ್ಲಿ ಬಂದದ್ದು ಕೆಲವೇ ಸಾಲು. ಅದರಲ್ಲಿ ಹಿಡಿಸದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಂದ್ಯದ ಮೂಲವೂ ಪತ್ರಿಕೆಯೇ. ಹಿಂದಿನ ಮಳೆಗಾಲದಲ್ಲಿ ನಮ್ಮ ಕ್ರೀಡಾಪುಟದ ಕೆಳತುದಿಯಲ್ಲಿ, ಜಾಗ ತುಂಬಲು ಹಾಕಿದ ಒಂದು ಚಿಕ್ಕ ಸುದ್ದಿ ಇತ್ತು. ಅಮೆರಿಕದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡುವ ಆಟಗಾರರು ಬೇರೆ ಬೇರೆ ತಂಡಗಳಲ್ಲಿರುತ್ತಾರೆ. ಆದರೆ ವರ್ಷಕ್ಕೊಂದು ದಿನ, ನೋಡುವ ಜನರೇ ಮತ ಹಾಕಿ ಒಳ್ಳೊಳ್ಳೆಯವರನ್ನು ಆರಿಸಿ, ಎರಡು ತಂಡ ಕಟ್ಟಿ ಆಡಿಸುತ್ತಾರೆ. ಆ ಪಂದ್ಯದಲ್ಲಿ ಗೆದ್ದರೂ ಸೋತರೂ ಅದು ಯಾವ ತಂಡದ ಲೆಕ್ಕಕ್ಕೂ ಸೇರುವುದಿಲ್ಲ. ಸುದ್ದಿ ಅಷ್ಟೇ. ನಾನು ಅದನ್ನು ಓದಿ ಮರೆತಿದ್ದೆ. ಶಹಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಒಬ್ಬರು ಮರೆಯಲಿಲ್ಲ. ಆ ತುಂಡನ್ನು ಕತ್ತರಿಸಿ ಅಂಗಡಿಯ ತಕ್ಕಡಿಯ ಹಿಂದೆ ಅಂಟಿಸಿಕೊಂಡಿದ್ದರು. ಬೇಸ್‌ಬಾಲ್ ಅಂದರೆ ಎಂಥ ಆಟ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ: ಕೋಲಿನಿಂದ ಚೆಂಡು ಹೊಡೆದು ಸುತ್ತ ಓಡಿ ಬರುವುದು. ಆಟದಲ್ಲಿ ಅವರಿಗೆ ಆಸಕ್ತಿ ಹುಟ್ಟಲಿಲ್ಲ. ಜನ ಮತ ಹಾಕಿ ಆರಿಸುವುದು ಅವರ ಮನಸ್ಸಿಗೆ ಹಿಡಿಸಿತ್ತು.

ನಮ್ಮಲ್ಲೂ ಆಗ ಕೂಲಿ ಆಟಗಾರರಿದ್ದರು. ಕಾಲುವೆಗೆ ನೀರು ಬಂದು ಎರಡು ಬೆಳೆ ಶುರುವಾದ ಮೇಲೆ ಊರೂರಿಗೆ ಟೆನಿಸ್ ಬಾಲಿನ ಟೂರ್ನಿ ಹುಟ್ಟಿಕೊಂಡಿತು. ಊರಿನ ಹುಡುಗರು ಸಾಲದಾದಾಗ ಹೊರಗಿನಿಂದ ಇಬ್ಬರನ್ನೋ ಮೂವರನ್ನೋ ಕರೆಸುವುದು ರೂಢಿಯಾಯಿತು. ಹೀಗೆ ಬಂದವನು ಮನಸ್ಸಿಟ್ಟು ಆಡುತ್ತಾನೆಂದು ನಂಬುವುದು ಹೇಗೆ? ಅದಕ್ಕೂ ಒಂದು ರೂಢಿ ಬೆಳೆದಿತ್ತು. ಪಂದ್ಯದ ದಿನ ಬೆಳಿಗ್ಗೆ ಆತ ತನ್ನನ್ನು ಕರೆಸಿದ ಊರಿನಲ್ಲಿ, ಯಾರದಾದರೂ ಮನೆಯ ಕಟ್ಟೆಯ ಮೇಲೆ, ನಾಲ್ಕು ಜನ ಕಾಣುವಂತೆ ಕುಳಿತು ರೊಟ್ಟಿ ಉಣ್ಣಬೇಕು. ಉಂಡ ಮೇಲೆ ಅಂದಿನ ಮಟ್ಟಿಗೆ ಅವನು ಆ ಊರಿನವನು. ಹೊಟ್ಟೆ ಸರಿಯಿಲ್ಲ ಎಂದು ತಾಟು ಹಿಂದೆ ಸರಿಸಿದ ಒಬ್ಬ ಬ್ಯಾಟ್ಸ್‌ಮನ್ನನ್ನು ಮೈದಾನಕ್ಕೂ ಕರೆದೊಯ್ಯದೆ ಬಸ್ಸು ಹತ್ತಿಸಿದ್ದನ್ನು ನಾನೇ ಕಂಡಿದ್ದೇನೆ. ಅವನಿಗೆ ನಿಜವಾಗಿ ಹೊಟ್ಟೆ ಕೆಟ್ಟಿತ್ತೋ ಇಲ್ಲವೋ ಯಾರೂ ವಿಚಾರಿಸಲಿಲ್ಲ.

ಗೊಬ್ಬರದ ಅಂಗಡಿಯವರು ಇಂಥ ಕೂಲಿ ಆಟಗಾರರನ್ನೆಲ್ಲ ಒಟ್ಟು ಮಾಡಿ ಒಂದು ಪಂದ್ಯ ಆಡಿಸಲು ಹೊರಟರು. ಮೂರೂ ಪಟ್ಟಣದ ಚಹಾದಂಗಡಿಗಳಲ್ಲಿ ಬಿಸ್ಕೀಟಿನ ಖಾಲಿ ಡಬ್ಬಿ ಇಟ್ಟು, ಚೀಟಿಯಲ್ಲಿ ಆಟಗಾರರ ಹೆಸರು ಬರೆದು ಹಾಕಲು ಹೇಳಿದರು. ಎರಡು ತಂಡ: ಕಾಲುವೆಯ ಮೇಲ್ಭಾಗದ ಊರುಗಳಿಗೆ ಆಡಿದವರದು ಒಂದು, ಕೆಳಭಾಗದವರದು ಇನ್ನೊಂದು. ಕಪ್ ಇಲ್ಲ, ಇನಾಮಿಲ್ಲ. ಅಮೆರಿಕದವರ ಹಾಗೆ ಸುಮ್ಮನೆ ನೋಡುವುದಕ್ಕಾಗಿ.

ಈ ಕೊನೆಯ ಮಾತೇ ಎಲ್ಲರ ಅನುಮಾನಕ್ಕೆ ಕಾರಣವಾಯಿತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಂದು ವಾರ ಇದೇ ಚರ್ಚೆ.

“ಕಪ್ ಇಲ್ಲ, ಇನಾಮಿಲ್ಲ. ಮತ್ತ ಮೈಕು, ಶಾಮಿಯಾನ ಎಲ್ಲಾ ಯಾಕ ತರಾಕತ್ತಾನ ಅವ?” ಎಂದು ಒಬ್ಬ ಕೇಳಿದ.

“ಆಟದ ಮ್ಯಾಲಿನ ಪ್ರೀತಿ ಅಂತ.”

“ಗೊಬ್ಬರ ಮಾರಾವಗ ಪ್ರೀತಿ?”

ನಗೆ ಎದ್ದಿತು. ಆದರೆ ನಕ್ಕವರೂ ಹಿಂದಿನ ಕಾರಣ ಏನಿರಬಹುದೆಂದು ತಲೆ ಕೆಡಿಸಿಕೊಂಡಿದ್ದರು. ಚುನಾವಣೆಗೆ ನಿಲ್ಲುತ್ತಾನೆ ಎಂದರು. ಯಾವುದೋ ಬೀಜದ ಕಂಪನಿ ಬರುತ್ತಿದೆ ಎಂದರು. ಕಾಲುವೆಯ ಕೊನೆಯಲ್ಲಿದ್ದ ಒಂದು ಊರಿನವರು ಹೇಳಿದ ಕಾರಣ ಬೇರೆ. ಅದನ್ನು ಹೇಳಲು ನೀರಿನ ಪಾಳಿಯ ವಿಷಯ ಹೇಳಬೇಕು.

ಒಂದೇ ಉಪಕಾಲುವೆಯ ಮೇಲಿನ ಎರಡು ಊರುಗಳನ್ನು ನಾನು ಮೇಲಿನ ಊರು, ಕಡೆಯ ಊರು ಎಂದೇ ಕರೆಯುತ್ತೇನೆ. ಗೊಬ್ಬರದ ಅಂಗಡಿಯವರು ಮೇಲಿನ ಊರಿನವರು. ಉಪಕಾಲುವೆ ಮೊದಲು ಅವರ ಹೊಲಗಳನ್ನು ಹಾದು, ಒಂದು ತಿರುವು ತೆಗೆದುಕೊಂಡು, ಹಳ್ಳದ ಪಕ್ಕದಲ್ಲೇ ಸಾಗಿ ಕಡೆಯ ಊರಿಗೆ ಮುಟ್ಟುತ್ತದೆ. ನೀರು ಸರದಿಯ ಪ್ರಕಾರ. ಕಡೆಯ ಊರಿನ ಪಾಳಿ ಇರುವ ದಿನ ಮೇಲಿನ ಊರಿನ ತೂಬುಗಳೆಲ್ಲ ಮುಚ್ಚಿರಬೇಕು ಎಂಬುದು ನಿಯಮ. ಮೇಲಿನವರು ಮುಚ್ಚುತ್ತಿದ್ದದ್ದು ಹೆಸರಿಗೆ ಮಾತ್ರ. ತೂಬಿನ ಬಾಯಿಗೆ ಒಂದು ಕಲ್ಲು, ಒಂದು ಹಿಡಿ ಹುಲ್ಲು. ಅರ್ಧ ನೀರು ಅಲ್ಲೇ ಸೋರಿಹೋಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಒಪ್ಪಿಕೊಳ್ಳದ ಸಂಗತಿ. ಅದಕ್ಕೇ ಕಡೆಯ ಊರಿನವರು ತಮ್ಮ ಪಾಳಿಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಮೇಲಿನ ಊರಿನವರೆಗೂ ದಂಡೆಯ ಮೇಲೆ ಅಲ್ಲಲ್ಲಿ ಕುಳಿತು ಕಾಯುತ್ತಿದ್ದರು. ಎದುರಿಗೆ ಜನ ಕುಳಿತಿದ್ದರೆ ತೂಬಿನ ಕಲ್ಲು ಸರಿಸಲು ಸ್ವಲ್ಪ ನಾಚಿಕೆ.

ಪಂದ್ಯಕ್ಕೆ ಗೊತ್ತುಮಾಡಿದ್ದ ಭಾನುವಾರ ಕಡೆಯ ಊರಿನ ಪಾಳಿಯ ದಿನವಾಗಿತ್ತು. ಆ ಪಾಳಿ ಮುಗಿದ ಮೇಲೆ ಆ ವರ್ಷಕ್ಕೆ ಕಾಲುವೆ ಬಂದ್ ಎಂದು ಮೊದಲೇ ತಿಳಿಸಲಾಗಿತ್ತು.

ಕಡೆಯ ಊರಿನವರು ಹೇಳಿದ ಕಾರಣ ಇದು: ಮ್ಯಾಚು ನೆಪ, ನಮ್ಮನ್ನು ದಂಡೆಯಿಂದ ಎಬ್ಬಿಸಿ ಮೈದಾನಕ್ಕೆ ಕರೆಸುವುದು, ಕೊನೆಯ ನೀರನ್ನು ತಾವು ತಿರುಗಿಸಿಕೊಳ್ಳುವುದು. ಹಾಗಾದರೆ ನೀವು ಮ್ಯಾಚಿಗೆ ಹೋಗಬೇಡಿ ಎಂದು ಯಾರಾದರೂ ಹೇಳಬಹುದಿತ್ತು. ಹೋಗದೆ ಇರಲು ಅವರಿಗೆ ಆಗುವಂತಿರಲಿಲ್ಲ. ಡಬ್ಬಿಗಳಲ್ಲಿ ಎಲ್ಲರಿಗಿಂತ ಹೆಚ್ಚು ಚೀಟಿ ಬಿದ್ದದ್ದು ಅವರ ಊರಿನ ಹುಡುಗನಿಗೆ.

ಆತ ಎಡಗೈ ಬೌಲರ್. ಟೆನಿಸ್ ಬಾಲಿನಲ್ಲಿ ಅಂಥ ವೇಗ ನಾನು ಆಮೇಲೂ ಕಂಡಿಲ್ಲ. ಓದು ಹತ್ತಕ್ಕೆ ನಿಂತಿತ್ತು. ಸುಗ್ಗಿಯಲ್ಲಿ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಮಾತು ಕಡಿಮೆ. ತಂದೆ ಇರಲಿಲ್ಲ. ತಾಯಿಯ ಹೆಸರಿನಲ್ಲಿ ಎರಡು ಎಕರೆ ಇತ್ತು, ಅದೂ ಉಪಕಾಲುವೆಯ ಕಟ್ಟಕಡೆಯ ತೂಬಿನ ಕೆಳಗೆ. ಊರಿನಲ್ಲಿ ಎಲ್ಲರಿಗೂ ನೀರು ಹಾಯ್ದು ಉಳಿದರೆ ಅಲ್ಲಿಗೆ. ಆ ವರ್ಷ ಅಲ್ಲಿ ಭತ್ತ ನಿಂತಿತ್ತು, ತೆನೆಗೆ ಹಾಲು ತುಂಬುವ ಹೊತ್ತು. ಇನ್ನೊಂದು ನೀರು ಸಿಕ್ಕರೆ ಕಾಳು, ಸಿಗದಿದ್ದರೆ ಜೊಳ್ಳು.

ತೊಡಕು ಎಲ್ಲಿತ್ತೆಂದರೆ, ಆ ವರ್ಷವೆಲ್ಲ ಆತ ಆಡಿದ್ದು ಮೇಲಿನ ಊರಿಗೆ. ತನ್ನ ಊರಿನವರು ಕರೆದಿರಲಿಲ್ಲ. ಮನೆಯ ಹುಡುಗ ಎಲ್ಲಿ ಹೋಗುತ್ತಾನೆ ಎಂಬ ಧೈರ್ಯ. ಮೇಲಿನವರು ಕರೆದರು, ಆತ ಹೋದ. ಹೀಗಾಗಿ ಆರಿಸಿದವರ ಪಂದ್ಯದಲ್ಲಿಯೂ ಆತ ಮೇಲ್ಭಾಗದ ತಂಡಕ್ಕೇ ಬಂದ. ಚೀಟಿ ಹಾಕಿದ ಕಡೆಯ ಊರಿನವರು ಅದನ್ನು ಯೋಚಿಸಿರಲಿಲ್ಲ.

ಎರಡೂ ಕಡೆಯವರಿಗೂ ಅವನ ಮೇಲೆ ಅನುಮಾನ. ಇವನು ತನ್ನ ಜನರ ಎದುರು ಕೈ ಸಡಿಲ ಬಿಡುತ್ತಾನೆ ಎಂದು ಮೇಲಿನವರು. ಇವನನ್ನು ಮುಂದಿಟ್ಟುಕೊಂಡೇ ನಮ್ಮನ್ನು ಮೈದಾನಕ್ಕೆ ಎಳೆಯುತ್ತಿದ್ದಾರೆ, ಇವನಿಗೂ ಗೊತ್ತಿದೆ ಎಂದು ಕೆಳಗಿನವರು. ಪಂದ್ಯಕ್ಕೆ ಮುನ್ನ ಒಂದು ಸಂಜೆ ಆತ ಶಹಾಪುರದ ಪೇಟೆಯಲ್ಲಿ ಸಿಕ್ಕಾಗ ನಾನು ಯಾರ ಮನೆಯಲ್ಲಿ ಉಣ್ಣುತ್ತೀ ಎಂದು ಕೇಳಿದೆ. ವರದಿಗೆ ಬೇಕಾದ ಪ್ರಶ್ನೆ ಅದೊಂದೇ. ಆತ ನಕ್ಕು, ಇನ್ನೂ ಮಾತು ಮುಗಿದಿಲ್ಲ ಎಂದ. ಕೂಲಿಯ ಮಾತೋ ಎಂದೆ. ಅಲ್ಲ ಎಂದ.

ಭಾನುವಾರ ಬೆಳಿಗ್ಗೆ ಆತ ಮೇಲಿನ ಊರಿನಲ್ಲಿ, ಗೊಬ್ಬರದ ಅಂಗಡಿಯವರ ಮನೆಯ ಕಟ್ಟೆಯ ಮೇಲೆ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡ. ಎಷ್ಟು ರೊಟ್ಟಿ ಉಂಡ, ಎರಡನೇ ಸಲ ಪಲ್ಲೆ ಕೇಳಿ ಹಾಕಿಸಿಕೊಂಡ ಎಂಬುದು ನಾನು ಮೈದಾನ ಮುಟ್ಟುವ ಮೊದಲೇ ಅಲ್ಲಿಗೆ ಮುಟ್ಟಿತ್ತು. ಕಡೆಯ ಊರಿನವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಹಸಿವಿಲ್ಲದೆ ಬಂದವನು ಮಾತಿಗೆ ಸಿಕ್ಕಿ ಉಣ್ಣುವುದುಂಟು. ಕೇಳಿ ಹಾಕಿಸಿಕೊಂಡು ಉಂಡನೆಂದರೆ ಮಾತು ಮುಗಿದಿದೆ ಎಂದೇ ಅರ್ಥ.

ಇನ್ನೊಂದು ಸಂಗತಿಯೂ ಅಂದು ಬೆಳಿಗ್ಗೆ ಕಂಡಿತು. ಕಡೆಯ ಊರಿಗೆ ನೀರು ಬಂದಿತ್ತು, ಎಂದೂ ಬಾರದಷ್ಟು. ಕಾಲುವೆಯೊಳಗೆ ಬೆಳೆದ ಆಪು ಎಂಬ ಜೊಂಡು ಮುಳುಗುವಷ್ಟು ಏರಿ ಹರಿಯುತ್ತಿದೆ ಎಂದು ದಂಡೆಯ ಮೇಲಿದ್ದವರು ನೋಡಿ ಹೇಳಿದರು. ಇದರಿಂದ ಸಂತೋಷವಾಗಬೇಕಿತ್ತು. ಆ ಊರಿನ ಹಿರಿಯರೊಬ್ಬರು, ನಿವೃತ್ತ ಮಾಸ್ತರರು, ನನ್ನ ಪಕ್ಕದಲ್ಲೇ ಶಾಮಿಯಾನದ ಕೆಳಗೆ ಕುಳಿತಿದ್ದರು. ನೀರು ಚೆನ್ನಾಗಿ ಬಂದಿದೆಯಂತಲ್ಲ ಎಂದು ನಾನು ಮಾತು ತೆಗೆದೆ.

“ಬಂದದ. ಅದಕ್ಕ ನನಗ ಹೆದರಿಕಿ,” ಎಂದರು ಅವರು. “ನಾವು ದಂಡಿ ಬಿಟ್ಟು ಇಲ್ಲಿ ಬರ್ಲಿ ಅಂತ ಬಿಟ್ಟಾರ. ನಾವು ಕುಂತ ಕೂಡ್ಲೆ ಕಟ್ ಮಾಡ್ತಾರ, ನೋಡ್ತಿರ್ರಿ.”

ಹಾಗೆ ಅನ್ನಿಸಿದರೆ ಬಂದದ್ದೇಕೆ ಎಂದೆ. ಹುಡುಗ ನಮ್ಮವನಲ್ಲವೇ ಎಂದರು. ಇಬ್ಬರನ್ನು ತಮ್ಮ ಊರಿನ ಹತ್ತಿರ ದಂಡೆಯ ಮೇಲೆ ಬಿಟ್ಟು ಉಳಿದವರು ಬಂದಿದ್ದರು.

ಆಟ ಶುರುವಾಯಿತು. ಕೊಂಕಲ್, ವನದುರ್ಗದ ಕಡೆಯಿಂದಲೂ ಜನ ಬಂದಿದ್ದರು. ಮೇಲ್ಭಾಗದ ತಂಡ ಮೊದಲು ಬ್ಯಾಟು ಮಾಡಿತು. ಇನಾಮಿಲ್ಲದ ಆಟವನ್ನು ಹೇಗೆ ಆಡಬೇಕು ಎಂಬುದು ಆಟಗಾರರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಒಬ್ಬ ಔಟಾದಾಗ ನಗುತ್ತ ಬಂದ. ಅವನು ನಕ್ಕದ್ದೇ ತಪ್ಪಾಯಿತು. ಬೇಕಂತಲೇ ಔಟಾದ ಎಂದು ಒಂದು ಕಡೆಯವರು, ನಗಿಸಿ ಔಟ್ ಮಾಡಿಸಿದರು ಎಂದು ಇನ್ನೊಂದು ಕಡೆಯವರು. ಕ್ಯಾಚು ಬಿಟ್ಟವನನ್ನು ಯಾರ ಮನೆಯಲ್ಲಿ ಉಂಡೆ ಎಂದು ಕೂಗಿ ಕೇಳಿದರು. ಮೈಕಿನಲ್ಲಿ ಗೊಬ್ಬರದ ಅಂಗಡಿಯವರು, ಇದು ಅಮೆರಿಕದ ಪದ್ಧತಿಯ ಸ್ನೇಹದ ಪಂದ್ಯ, ದಯವಿಟ್ಟು ಶಾಂತಿಯಿಂದ ನೋಡಬೇಕು ಎಂದು ಮತ್ತೆ ಮತ್ತೆ ವಿನಂತಿ ಮಾಡಿದರು. ಪ್ರತಿ ವಿನಂತಿಗೂ ಜನರ ಅನುಮಾನ ಹೆಚ್ಚಿತು.

ಕೆಳಭಾಗದ ತಂಡ ಬ್ಯಾಟಿಗೆ ಬಂದಾಗ ಎಡಗೈ ಬೌಲರ್ ಚೆಂಡು ಹಿಡಿದ. ಮೊದಲ ಎಸೆತ ಬಲು ದೂರ ಹೋಗಿ ವೈಡ್ ಆಯಿತು.

“ಊರು ನೆನಪಾತ್ ನೋಡ್ರಿ,” ಎಂದ ಮೇಲಿನ ಊರಿನ ಒಬ್ಬ.

ಮುಂದಿನ ಎಸೆತಕ್ಕೆ ನಡುವಿನ ಸ್ಟಂಪು ಹಾರಿತು. ಕೆಳಗಿನ ತಂಡದ ದೊಡ್ಡ ಆಟಗಾರ ಔಟು. ಕಡೆಯ ಊರಿನ ಜನ ಈ ಬೌಲರನಿಗೇ ಚೀಟಿ ಹಾಕಿದವರು, ಅವನನ್ನು ನೋಡಲೆಂದೇ ಬಂದವರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮಾಸ್ತರರು ಹಲ್ಲಿನ ಸಂದಿಯ ಅಡಿಕೆ ತೆಗೆಯುತ್ತ, ಉಂಡದ್ದು ತೀರಿಸುತ್ತಿದ್ದಾನೆ ಎಂದು ಮೆಲ್ಲಗೆ ಹೇಳಿದರು.

ಆತನ ಮೂರನೇ ಓವರಿನಲ್ಲಿ ದಂಡೆ ಕಾಯಲು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬ ಸೈಕಲ್ ಮೋಟಾರಿನ ಮೇಲೆ ಬಂದ. ಗಾಡಿ ಆರಿಸದೆ ಜನರ ಹಿಂದೆ ನಿಂತು, “ನೀರು ನಿಂತಾವ್ರಿ,” ಎಂದ. ಗಟ್ಟಿಯಾಗಿ ಕೂಗಿದ್ದೇನಲ್ಲ. ಆದರೆ ಕಡೆಯ ಊರಿನವರೆಲ್ಲ ಒಟ್ಟಿಗೆ ಎದ್ದರು. ಬೌಲರ್ ತನ್ನ ಓಟದ ಗುರುತಿನ ಹತ್ತಿರ ನಿಂತಿದ್ದ. ಎದ್ದ ಜನರನ್ನು ನೋಡಿದ. ಚೆಂಡನ್ನು ಅಂಪೈರ್ ಕಡೆ ಉರುಳಿಸಿ ಟ್ರ್ಯಾಕ್ಟರಿನ ಹಿಂದೆ ಓಡಿದ. ಯಾರೂ ಅವನನ್ನು ಟ್ರಾಲಿಗೆ ಹತ್ತಿಸಿಕೊಳ್ಳಲಿಲ್ಲ. ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಬಂದ. ದಾರಿಯಲ್ಲಿ ಒಂದೇ ಮಾತು ಕೇಳಿದ: ಇಷ್ಟು ಹೊತ್ತಿಗೆ ನೀರು ನಮ್ಮ ಹೊಲಕ್ಕೆ ಮುಟ್ಟಿರಬಹುದೇ?

ಜನ ಮೊದಲು ಉಪಕಾಲುವೆಯ ಬಾಯಿಗೆ ಹೋದರು. ಗೇಟು ತೆರೆದಿತ್ತು, ಬೀಗ ನೆಟ್ಟಗಿತ್ತು, ನೀರು ಹಾಯುತ್ತಿತ್ತು. ಅಲ್ಲಿಂದ ಟ್ರ್ಯಾಕ್ಟರಿನಲ್ಲೇ ರಸ್ತೆ ಹಿಡಿದು ಕೆಳಗಿನ ತಿರುವಿಗೆ ಬಂದರು. ತಿರುವಿನ ಹತ್ತಿರ ದಂಡೆ ಒಡೆದಿತ್ತು. ಎರಡು ಬಂಡಿ ಹಾಯುವಷ್ಟು ಅಗಲ. ಅಷ್ಟೂ ನೀರು ಹಳ್ಳಕ್ಕೆ ಇಳಿದು ಹೋಗುತ್ತಿತ್ತು.

“ಒಡದಿದ್ದಲ್ಲ ಇದು. ಒಡಿಸಿದ್ದು,” ಎಂದರು ಮಾಸ್ತರರು.

ನಾನು ಒಡೆದ ಅಂಚನ್ನು ನೋಡಿದೆ. ಗುದ್ದಲಿಯ ಏಟು ಕಾಣಲಿಲ್ಲ. ಮಣ್ಣು ಕುಸಿದಿತ್ತು, ಹುಲ್ಲಿನ ಬೇರುಗಳು ಜೋತು ಬಿದ್ದಿದ್ದವು. ತಿರುವಿನಿಂದ ಕೆಳಕ್ಕೆ ಕಾಲುವೆಯಲ್ಲಿ ಹೂಳು ಮೊಳಕಾಲಿನಷ್ಟಿತ್ತು, ಅದರ ಮೇಲೆ ಆಪು ಬೆಳೆದಿತ್ತು. ನೀರು ಏರಿದ ಗುರುತು ದಂಡೆಯ ನೆತ್ತಿಯವರೆಗೂ ಹಸಿಯಾಗಿತ್ತು. ಆದರೆ ಗುದ್ದಲಿ ಹಾಕಿದ ಗುರುತನ್ನು ನೀರೇ ತೊಳೆದಿರಲೂಬಹುದು ಎಂದು ಒಬ್ಬ ಹೇಳಿದ.

ಬೌಲರ್ ಆಗಲೇ ಎದೆಮಟ್ಟದ ನೀರಿನಲ್ಲಿ ಇಳಿದಿದ್ದ. ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಕೊಡಿ ಎಂದು ಕೈ ಚಾಚಿದ. ಕೆಲವರು ಕೊಟ್ಟರು. ಇಟ್ಟ ಚೀಲ ನಿಲ್ಲದೆ ಕೊಚ್ಚಿಕೊಂಡು ಹೋಯಿತು. ಅಷ್ಟರಲ್ಲಿ ಗೊಬ್ಬರದ ಅಂಗಡಿಯವರೂ ಬಂದರು, ಅವರ ಹಿಂದೆ ಮೇಲಿನ ಊರಿನ ಐದಾರು ಜನ. ಮಾಸ್ತರರು ಅವರ ಕಡೆ ನೋಡಲಿಲ್ಲ. ನೀರಿನಲ್ಲಿದ್ದವನನ್ನು ದಂಡೆಗೆ ಕರೆದರು.

“ತಮ್ಮಾ, ಮುಂಜಾನೆ ಯಾರ ಮನ್ಯಾಗ ಉಂಡಿ?”

“ಇವರ ಮನ್ಯಾಗರಿ.”

“ಏನ್ ಮಾತಾಡಿ ಉಂಡಿ?”

ಆತ ಗೊಬ್ಬರದ ಅಂಗಡಿಯವರ ಮುಖ ನೋಡಿದ. ಅವರು ಕೆಳಗೆ ನೋಡುತ್ತಿದ್ದರು.

“ನಾ ನೀರು ಕೇಳೇನ್ರಿ ಮಾಸ್ತರ್ರ,” ಎಂದ. “ಕೂಲಿ ಬ್ಯಾಡ, ಐತ್ವಾರ ಒಂದಿನ ನಿಮ್ಮ ತೂಬು ಎಲ್ಲಾ ಖರೇನ ಬಂದ್ ಮಾಡ್ರಿ ಅಂದೇನಿ. ಮಾಡ್ತೀವಿ ಅಂದ್ರು. ಆಮ್ಯಾಲೆ ಉಂಡೀನಿ.”

ಎಲ್ಲರೂ ಗೊಬ್ಬರದ ಅಂಗಡಿಯವರ ಕಡೆ ತಿರುಗಿದರು. ಅವರು ಹೌದೆಂದರೆ, ಉಳಿದ ಪಾಳಿಗಳಲ್ಲಿ ತಮ್ಮ ಊರು ತೂಬು ಮುಚ್ಚುವುದಿಲ್ಲ ಎಂಬುದನ್ನೂ ಹೌದೆಂದಂತೆ. ಹಿಂದೆ ಅವರ ಊರಿನವರು ನಿಂತಿದ್ದರು.

“ನಮ್ಮ ತೂಬು ನಿಮ್ಮ ಪಾಳ್ಯಾಗ ಯಾವತ್ತೂ ಬಂದ್ ಇರ್ತಾವು,” ಎಂದರು. “ಅದನ್ನ ಬ್ಯಾರೆ ಕೇಳೂದೇನದ? ಮ್ಯಾಚಿನ ಮಾತ್ ಬಿಟ್ರ ಏನೂ ಆಗಿಲ್ರಿ.”

ಮಾಸ್ತರರು, ಹಾಗಿದ್ದರೆ ನೋಡಿಬರೋಣ ಎಂದರು. ತೂಬುಗಳು ಮುಚ್ಚಿದ್ದರೆ ಹುಡುಗನ ಮಾತು ನಿಜ. ಜನ ಮೇಲಿನ ಊರಿನ ಕಡೆ ದಂಡೆಯ ಮೇಲೆ ಹತ್ತಿ ಹೋದರು. ನಾನೂ ಹೋದೆ. ತೂಬುಗಳು ಒಂದೂ ಬಿಡದಂತೆ ತೆರೆದಿದ್ದವು. ನೀರು ಮೇಲಿನ ಊರಿನ ಗದ್ದೆಗಳಿಗೆ ಭರ್ತಿಯಾಗಿ ಹಾಯುತ್ತಿತ್ತು.

ಅಂಗಡಿಯವರ ಮಾತು ಸುಳ್ಳೆಂದು ಮೊದಲೇ ಗೊತ್ತಿತ್ತು, ಈಗ ಹುಡುಗನದೂ ಸುಳ್ಳೆಂದಾಗಿ ಅಲ್ಲಿಗೆ ವಿಚಾರಣೆ ಮುಗಿಯಿತು. ಮಾಸ್ತರರು ಬೌಲರ್ ಕಡೆ ತಿರುಗಿ ನೋಡದೆ ಟ್ರ್ಯಾಕ್ಟರಿನ ಕಡೆ ನಡೆದರು. ಯಾರೋ ಒಬ್ಬ, ರೊಟ್ಟಿ ರುಚಿ ಇತ್ತೇನೋ ಎಂದು ಕೇಳಿದ.

ನಾನು ಸ್ವಲ್ಪ ಹೊತ್ತು ಅಲ್ಲೇ ಉಳಿದೆ. ಮೂರು ತೂಬುಗಳ ಪಕ್ಕದಲ್ಲಿ ಹುಲ್ಲು ಸೇರಿಸಿ ಕಲಸಿದ ಕರಿಮಣ್ಣಿನ ದೊಡ್ಡ ಮುದ್ದೆಗಳು ಬಿದ್ದಿದ್ದವು. ನೀರು ಹನಿಯೂ ಸೋರದ ಹಾಗೆ ತೂಬು ಮುಚ್ಚಲು ಹೀಗೆ ಕಲಸುತ್ತಾರೆ. ಮಣ್ಣು ಇನ್ನೂ ಹಸಿಯಾಗಿತ್ತು. ಅಂದು ಬೆಳಿಗ್ಗೆ ಮುಚ್ಚಿ, ಮಧ್ಯಾಹ್ನ ಕಿತ್ತು ಹಾಕಿದ್ದು ಎಂದು ಹೇಳಬಹುದಿತ್ತು. ಕಾಲುವೆಯ ಪಕ್ಕದಲ್ಲಿ ಮಣ್ಣು ನಾಲ್ಕು ದಿನವಾದರೂ ಹಸಿಯಾಗಿರುತ್ತದೆ ಎಂದೂ ಹೇಳಬಹುದಿತ್ತು.

ಮರುದಿನ ಮೇಲಿನ ಊರಿನ ಒಬ್ಬ ರೈತ, ತನ್ನ ಹೆಸರು ಎಲ್ಲೂ ಬರಬಾರದು ಎಂಬ ಮಾತಿನ ಮೇಲೆ, ನಡೆದದ್ದನ್ನು ಹೇಳಿದ. ಶನಿವಾರ ಸಂಜೆ ಊರಿನಲ್ಲಿ ಮಾತಾಗಿತ್ತು. ಒಂದು ದಿನದ ಮಟ್ಟಿಗೆ ಎಲ್ಲರೂ ತೂಬು ಮುಚ್ಚಲು ಒಪ್ಪಿದ್ದರು. ಹುಡುಗ ಆಡದಿದ್ದರೆ ಮ್ಯಾಚಿಗೆ ಜನವೇ ಬರುವುದಿಲ್ಲ ಎಂಬ ಚಿಂತೆ. ಮ್ಯಾಚಿಗೆ ಹೋಗುವ ಅವಸರದಲ್ಲಿ ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಮುಚ್ಚಿದರು. ಕೊಟ್ಟ ಮಾತಲ್ಲವೇ ಎಂದು ಗಟ್ಟಿಯಾಗಿ ಮುಚ್ಚಿದರು. ಅರ್ಧ ನೀರಿಗೆ ಹೊಂದಿಕೊಂಡು ಹೂಳು ತುಂಬಿದ್ದ ಕೆಳಗಿನ ಕಾಲುವೆಗೆ ಪೂರ್ತಿ ನೀರು ಹೋಯಿತು. ತಿರುವಿನಲ್ಲಿ ದಂಡೆ ತಡೆಯಲಿಲ್ಲ. ಒಡೆದದ್ದನ್ನು ಮೊದಲು ಕಂಡವನು ಮೇಲಿನ ಊರಿನವನೇ. ಊರಿನಲ್ಲಿ ಉಳಿದಿದ್ದ ಹೆಂಗಸರು, ಮುದುಕರು ಓಡಿಹೋಗಿ ಮಣ್ಣು ಕಿತ್ತು ತೂಬುಗಳನ್ನು ತೆರೆದರು, ನೀರಿನ ಒತ್ತಡ ಇಳಿದು ಒಡಕು ದೊಡ್ಡದಾಗದಿರಲಿ ಎಂದು. ಕಡೆಯ ಊರಿನವರು ಬಂದು ನೋಡಿದ್ದು ಆ ತೆರೆದ ತೂಬುಗಳನ್ನು.

ಇದನ್ನೇ ಗೊಬ್ಬರದ ಅಂಗಡಿಯವರನ್ನು ಕೇಳಿದೆ. ಅವರು ಚಹಾ ತರಿಸಿದರು. ಮುಂದಿನ ವರ್ಷ ಇನ್ನೂ ದೊಡ್ಡ ಶಾಮಿಯಾನ ಹಾಕಿಸುವ ಮಾತಾಡಿದರು. ತೂಬಿನ ವಿಷಯಕ್ಕೆ, ಭಾನುವಾರ ಹೇಳಿದ್ದನ್ನೇ ಹೇಳಿದರು.

ಹೆಸರು ಕೊಡದ ಒಬ್ಬನ ಮಾತು, ಒಪ್ಪದ ಇನ್ನೊಬ್ಬನ ಮಾತು. ನಮ್ಮ ಡೆಸ್ಕಿನಲ್ಲಿ ಇದಕ್ಕೆ ಸುದ್ದಿ ಎನ್ನುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದದ್ದು: ಉಪಕಾಲುವೆಯ ದಂಡೆ ಒಡೆದು ನೀರು ಹಳ್ಳದ ಪಾಲು, ಕಾರಣ ತಿಳಿದುಬಂದಿಲ್ಲ, ಪ್ರದರ್ಶನ ಪಂದ್ಯ ಸ್ಥಗಿತ. ಕಡೆಯ ಊರಿನಲ್ಲಿ ಅದನ್ನು ಓದಿದವರು, ಗೊಬ್ಬರದ ಅಂಗಡಿಯ ಚಹಾ ಕುಡಿದು ಬರೆದಿದ್ದಾರೆ ಎಂದು ಹೇಳಿದರೆಂದು ಕೇಳಿದೆ.

ಬೌಲರನ ತಾಯಿಯನ್ನು ಕಂಡದ್ದು ಆ ವಾರದಲ್ಲೇ. ಹೊಲದ ಬದುವಿನ ಮೇಲೆ ನಿಂತಿದ್ದರು. ಬೆಳಿಗ್ಗೆ ನೀರು ಏರಿದ್ದಾಗ ಊರಿನ ಮೊದಲ ಹೊಲಗಳಿಗೆ ಹಾಯ್ದಿತ್ತು, ಇವರ ತೂಬಿನ ತನಕ ಬಂದಿರಲಿಲ್ಲ. ಮಗ ಏನು ಮಾತಾಡಿ ಉಂಡನೆಂಬುದು ಅವರಿಗೆ ಮೊದಲೇ ತಿಳಿದಿತ್ತೇ ಎಂದು ಕೇಳಿದೆ.

“ಹಿಂದಿನ ದಿನಾನ ಹೇಳ್ಯಾನ್ರಿ,” ಎಂದರು. “ಯಾರಿಗೂ ಹೇಳಬ್ಯಾಡವ್ವ, ಮ್ಯಾಲಿನ ಊರವರಿಗೆ ನಾಚಿಕಿ ಆಗ್ತದ ಅಂದ. ಈಗ ನಾ ಹೇಳಿದ್ರ 'ನಿನ್ನ ಮಗ ಅಲ್ಲೇನು, ಮತ್ತೇನ್ ಹೇಳ್ತಿ' ಅಂತಾರ.”

ಒಂದು ತೆನೆ ಕಿತ್ತು ಹೊಸೆದು ನನ್ನ ಅಂಗೈಗೆ ಹಾಕಿದರು. ಕಾಳು ಇನ್ನೂ ಮೆತ್ತಗಿತ್ತು, ಬಿಳಿಯ ಹಾಲು ಅಂಟಿತು. ಭತ್ತ ಇನ್ನು ನಾಲ್ಕು ದಿನ ಬಿಸಿಲು ತಡೆಯುತ್ತದೆ ಎಂದರು.

ದಂಡೆಯ ಒಡಕು ಮುಚ್ಚುವ ಹೊತ್ತಿಗೆ ಕಾಲುವೆ ಬಂದ್ ಆಗಿತ್ತು. ಕಡೆಯ ಊರಿನಲ್ಲಿ ಕೆಳಗಿನ ಹೊಲಗಳ ಭತ್ತ ಜೊಳ್ಳಾಯಿತು. ಆ ಎರಡು ಎಕರೆಯದನ್ನು ಕೊಯ್ಯಲಿಲ್ಲ, ದನ ಬಿಟ್ಟರು. ಆರಿಸಿದವರ ಪಂದ್ಯ ಮುಂದಿನ ವರ್ಷ ನಡೆಯಲಿಲ್ಲ. ಹುಡುಗನನ್ನು ಮೇಲಿನ ಊರಿನವರು ಆ ಮೇಲೆ ಕರೆಯಲಿಲ್ಲ. ಊರಿನ ಮಾತನ್ನು ಹೊರಗೆ ಹಾಕಿದವನು ಎಂಬುದು ಅವರ ಸಿಟ್ಟು. ತನ್ನ ಊರಿನವರು ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ಕೆಲವು ವರ್ಷ ಆತ ಯಾದಗಿರಿಯ ಕಡೆಯ ತಂಡಗಳಿಗೆ ಆಡಿದ. ಆಮೇಲೆ ತಾಯಿಯನ್ನು ಕರೆದುಕೊಂಡು ಶಹಾಪುರಕ್ಕೆ ಬಂದು, ಒಂದು ಖಾಸಗಿ ಶಾಲೆಯಲ್ಲಿ ಆಟ ಕಲಿಸುವ ಕೆಲಸಕ್ಕೆ ಸೇರಿದ. ಹೊಲ ಪಾಲಿಗೆ ಹಾಕಿದರು. ಮಾಸ್ತರರು ತೀರಿಕೊಂಡರು. ಗೊಬ್ಬರದ ಅಂಗಡಿಯವರೂ ತೀರಿಕೊಂಡರು. ಆ ಭಾನುವಾರದ ಬಗ್ಗೆ ತಾವು ಹೇಳಿದ್ದನ್ನು ಅವರು ಕೊನೆಯವರೆಗೂ ಬದಲಿಸಲಿಲ್ಲ.

ಕಳೆದ ಜನವರಿಯಲ್ಲಿ ಶಹಾಪುರದ ಬಳಿ ಒಂದು ಟೂರ್ನಿ ನಡೆಯಿತು. ಅಂಪೈರ್‌ಗಳಲ್ಲಿ ಆ ಬೌಲರನೂ ಒಬ್ಬ. ಕಡೆಯ ಊರಿನ ತಂಡದ ಪಂದ್ಯಕ್ಕೆ ಆತನನ್ನು ಹಾಕಿದ್ದರು. ಟಾಸಿಗೆ ಮೊದಲು ಆ ತಂಡದ ನಾಯಕ, ಆ ಭಾನುವಾರ ಇನ್ನೂ ಹುಟ್ಟಿರದಿದ್ದ ಹುಡುಗ, ಸಂಘಟಕರ ಬಳಿ ಬಂದು ಬೇರೆ ಅಂಪೈರ್ ಕೊಡಿ ಎಂದು ಕೇಳಿದ. ಕಾರಣ ಹೇಳಲಿಲ್ಲ. ಸಂಘಟಕರು ಬದಲಾಯಿಸಿದರು. ಆತ ಬಿಳಿ ಕೋಟು ಬಿಚ್ಚಿ ಕೊಟ್ಟು, ಸ್ಕೋರ್ ಬರೆಯುವವರ ಪಕ್ಕದ ಕುರ್ಚಿಯಲ್ಲಿ ಕುಳಿತು ಪಂದ್ಯ ನೋಡಿದ. ಕಡೆಯ ಊರಿನ ತಂಡ ಗೆದ್ದಿತು.